ಆಸ್ಪತ್ರೆಯಲ್ಲಿ ರೋಗಿ ಜೊತೆ ಉಳಿಯುವವರಿಗೆ ಒಂದು ಸಲಹೆ

ಹೋದ ತಿಂಗಳು ಅಮ್ಮನ ಆಪರೇಷನ್ ಆದಾಗ ಐದು ದಿನ ವಾರ್ಡಿನಲ್ಲೇ ಇದ್ದೆ. ಬಿಪಿ ನೋಡುವ ಪಟ್ಟಿ ಪಕ್ಕದ ಹಾಸಿಗೆಯವರ ತೋಳಿನಿಂದ ಬಿಚ್ಚಿ ನೇರ ಅಮ್ಮನ ತೋಳಿಗೆ ಬರುತ್ತಿತ್ತು. ಒಳಗಿನ ಬಟ್ಟೆ ಬೆವರಿಗೆ ಕಪ್ಪಗಾಗಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಥೆಯೂ ಅದೇ. "ಸಿಸ್ಟರ್, ಒಂಚೂರು ಒರೆಸಿ ಹಾಕ್ತೀರಾ?" ಅಂದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಹಾಕಿದರು. ದಯವಿಟ್ಟು ಸಂಕೋಚ ಬಿಟ್ಟು ಕೇಳಿ.

ನಮ್ಮ ಕೈಯೇನು ಕಮ್ಮಿಯಿಲ್ಲ. ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡ್, ಲಿಫ್ಟ್ ಗುಂಡಿ, ಮೊಬೈಲ್ ಎಲ್ಲ ಮುಟ್ಟಿ ಅದೇ ಕೈಯಲ್ಲಿ ಗಂಜಿ ಕುಡಿಸುತ್ತೇವೆ. ಎಂಆರ್‌ಎಸ್‌ಎಯಂಥ (ಹಲವು ಆಂಟಿಬಯೋಟಿಕ್ ಔಷಧಿಗೆ ಬಗ್ಗದ) ಬ್ಯಾಕ್ಟೀರಿಯಾ ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರಬಲ್ಲದು! ಸ್ಯಾನಿಟೈಜರ್ ಅಂಗೈ ತುಂಬ ತಗೊಂಡು, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಬಿಡದೆ 20–30 ಸೆಕೆಂಡ್, ಕೈ ಒಣಗುವವರೆಗೂ ಉಜ್ಜಿ. ಹೆಬ್ಬೆರಳನ್ನೇ ತುಂಬಾ ಜನ ಮರೆಯೋದು.

ರೋಗಿಗೆ ಭೇದಿ ಇದ್ದರೆ ಮಾತ್ರ ಸ್ಯಾನಿಟೈಜರ್ ಸಾಲದು, ಸೋಪು-ನೀರೇ ಬೇಕು. ಭೇದಿ ತರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ) ಸ್ಯಾನಿಟೈಜರಿನ ಆಲ್ಕೋಹಾಲಿಗೆ ಸಾಯಲ್ಲ, ತೊಳೆದೇ ಹೋಗಬೇಕು. ಉಂಗುರ, ಬಳೆ ಮನೆಯಲ್ಲೇ ಬಿಟ್ಟು ಹೋಗಿ, ಅದರಡಿಗೆ ಸೋಪು ಸರಿಯಾಗಿ ತಲುಪಲ್ಲ.