ಹಳೆ ಹಂಚನ್ನು ಗುಂಡಿಗೆ ಸುರಿಯುವ ಮೊದಲು

ಹಂಚಿನ ಮಾಡು ತೆಗೆದು ತಾರಸಿ ಹಾಕಿಸುವವರು ಪಕ್ಕಾಸು, ರೀಪಿನ ಮರಕ್ಕೆಲ್ಲ ಗಿರಾಕಿ ಹುಡುಕುತ್ತಾರೆ. ಹಂಚನ್ನು ಮಾತ್ರ ಟಿಪ್ಪರಿಗೆ ತುಂಬಿಸಿ ಯಾವುದೋ ಗುಂಡಿಗೆ ಸುರಿಸುತ್ತಾರೆ. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರಿನ ಹೆಸರು ಹೊತ್ತು ದೇಶ ಸುತ್ತಿದ ಹಂಚು ಮಾರಾಯ್ರೆ ಅದು. ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ.

ಇಳಿಸುವಾಗಲೇ ವಿಂಗಡಿಸಿ. ಬೆರಳ ಗೆಣ್ಣಿನಿಂದ ಬಡಿದಾಗ ಠಣ್ ಎಂದರೆ ಗಟ್ಟಿ, ಬದ್ ಎಂದರೆ ಎಲ್ಲೋ ಸೀಳು ಉಂಟು. ಗಟ್ಟಿಯದ್ದನ್ನು ನಿಲ್ಲಿಸಿ ಒರಗಿಸಿಡಿ; ಮಲಗಿಸಿ ಪೇರಿಸಿದರೆ ಅಡಿಯದ್ದು ಒಡೆಯುತ್ತದೆ. ಬಚ್ಚಲಿಗೆ, ಸೌದೆ ಕೊಟ್ಟಿಗೆಗೆ ಹೊದಿಸಿ ಉಳಿದರೆ ಹೊಸ ತಾರಸಿಯ ಒಳಗೇ ಹಾಕಬಹುದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಹೀಗೆ ಮನೆಗಳನ್ನು ಕಟ್ಟಿದರು. ಸ್ಲ್ಯಾಬಿನ ಅಡಿಭಾಗದಲ್ಲಿ ಎಳೆತ ತಡೆಯುವುದು ಸರಳು, ಕಾಂಕ್ರೀಟಲ್ಲ. ಆದ್ದರಿಂದ ಸರಳುಗಳ ನಡುವೆ ಎರಡೆರಡು ಹಂಚು ಮುಖಾಮುಖಿ ಜೋಡಿಸಿ ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟು ಉಳಿಯುತ್ತದೆ, ತಾರಸಿಯ ಭಾರ ಇಳಿಯುತ್ತದೆ. ಹಂಚುಗಳ ನಡುವಿನ ಗಾಳಿಯಿಂದ ಏಪ್ರಿಲ್ ಸೆಕೆಯೂ ಸ್ವಲ್ಪ ತಗ್ಗುತ್ತದೆ. ಹಂಚನ್ನು ಮೊದಲೇ ನೆನೆಸಿಡಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನು ಅದೇ ಕುಡಿದುಬಿಡುತ್ತದೆ. ಸರಳಿನ ಲೆಕ್ಕ ಇಂಜಿನಿಯರೇ ಹಾಕಲಿ. "ನಾನು ನೋಡ್ಕೊಳ್ತೇನೆ ಅಮ್ಮ" ಎನ್ನುವ ಮೇಸ್ತ್ರಿಯ ಧೈರ್ಯ ಇಲ್ಲಿ ಬೇಡ.

ಒಡೆದ ತುಂಡುಗಳನ್ನು ಮಾಡಿನ ನೀರು ಬೀಳುವ ಸಾಲಿನಲ್ಲಿ ಗೇಣಗಲ ಹರಡಿ. ಆಟಿಯ ಮಳೆಗೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಮಲ್ಲಿಗೆ ಚಟ್ಟಿಯ ತೂತಿನ ಮೇಲೂ ಒಂದು ತುಂಡು ಇರಲಿ.

ತೀರಾ ಚೂರಾದದ್ದನ್ನು ಕುಟ್ಟಿ, ಜರಡಿ ಹಿಡಿದರೆ ಸುರ್ಕಿ. ಕುಟ್ಟುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಗಾರೆಗೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಸುರ್ಕಿ; ಚಿಪ್ಪಿನ ಸುಣ್ಣ ಸಿಕ್ಕಿದರೆ ಒಳ್ಳೆಯದೇ. ಬರೀ ಸುಣ್ಣ ಗಾಳಿ ತಾಗಿ ಗಟ್ಟಿಯಾಗುವುದು, ಸುಟ್ಟ ಮಣ್ಣಿನ ಪುಡಿ ಸೇರಿದರೆ ತೇವದಲ್ಲೂ ಕಚ್ಚಿಕೊಳ್ಳುತ್ತದೆ. ತುಳಸಿಕಟ್ಟೆಗೆ, ಕೆಂಪುಕಲ್ಲಿನ ಪಾಗಾರದ ಸಂದಿಗೆ ಇದು ಸಾಕು. ಸಿಮೆಂಟಿನಷ್ಟು ಬೇಗ ಬಿಗಿಯುವುದಿಲ್ಲ, ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ಕಾಯಬೇಕು. ಅವಸರದವರಿಗೆ ಆಗುವ ಕೆಲಸವಲ್ಲ.

ಹಳೆ ಕೊಟ್ಟಿಗೆಯ ಬೂದು ಬಣ್ಣದ ಸಿಮೆಂಟ್ ಶೀಟನ್ನು ಮಾತ್ರ ಒಡೆಯಲು, ಕೊರೆಯಲು ಹೋಗಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ಧೂಳು ಶ್ವಾಸಕೋಶಕ್ಕೆ ವಿಷ. ತೆಗೆಯಲೇಬೇಕಾದರೆ ಒದ್ದೆ ಮಾಡಿ, ಇಡಿಯಾಗಿ ಇಳಿಸಿ.

ಇನ್ನು ಪ್ಲಾಸ್ಟಿಕ್. ಬಾಟಲಿ ಕತ್ತರಿಸಿ ಹೂಕುಂಡ ಮಾಡುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಬಿಸಿಲಿಗೆ ಪೆಡಸಾಗಿ ಚೂರುಚೂರಾಗಿ ಕೊನೆಗೆ ಮಣ್ಣಿಗೇ ಸೇರುತ್ತದೆ. ಅದು ಕಾರ್ಖಾನೆಗೆ ಹೋಗಲಿ. ಮಂಗಳೂರಿನ ಪಚ್ಚನಾಡಿಯಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿನ ಹಲಗೆಗಳಿಂದ ಮನೆಯನ್ನೇ ಕಟ್ಟಿದ್ದಾರೆ. ಮೀನಿನ ನೀರು, ಎಣ್ಣೆ ಜಿಡ್ಡು ಹಿಡಿದ ಪ್ಲಾಸ್ಟಿಕ್ ತೊಟ್ಟೆಯನ್ನು ಗುಜರಿಯವನೂ ಮುಟ್ಟುವುದಿಲ್ಲ, ತೊಳೆದು ಒಣಗಿಸಿಯೇ ಕೊಡಿ.