ಟೆಂಟಿನಲ್ಲಿ ಒಂದು ರಾತ್ರಿ: ಆಧಾರ್ ಜೆರಾಕ್ಸ್ ಕೊಡಲೇಬೇಕಾ?

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಕ್ಯಾಂಪಿನಲ್ಲಿ ಉಳಿದಿದ್ದೆವು. ಬೆಳಿಗ್ಗೆ ಹೊರಡುವಾಗ ಅಲ್ಲಿನ ಹುಡುಗ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಕೊಟ್ಟ. ನಾಲ್ಕು ಕಾಫಿ, ಎರಡು ಆಮ್ಲೆಟ್, ಸೌದೆ ಒಂದು ಕಟ್ಟು. ಹಾಳೆ ತಿರುಗಿಸಿದರೆ ಯಾರೋ ಹೆಣ್ಣುಮಗಳ ಆಧಾರ್ ಜೆರಾಕ್ಸ್! ಫೋಟೊ, ಹುಟ್ಟಿದ ದಿನ, ಮನೆ ವಿಳಾಸ, ಹನ್ನೆರಡು ಅಂಕಿ, ಎಲ್ಲವೂ ಸ್ಪಷ್ಟವಾಗಿತ್ತು. ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನ ಕಣ್ಣಿಗೆ ಅದು ಒಂದು ಬದಿ ಖಾಲಿ ಇರುವ ಹಾಳೆ, ಅಷ್ಟೇ. ನಾನು ಹಾಳೆಯನ್ನು ಚೂರು ಚೂರು ಹರಿದು, ನಿನ್ನೆ ನಾವು ಕೊಟ್ಟ ನಾಲ್ಕು ಜೆರಾಕ್ಸ್ ಎಲ್ಲಿವೆ ಎಂದು ಕೇಳಿದೆ. ಕೌಂಟರಿನ ಕೆಳಗಿನ ರಟ್ಟಿನ ಡಬ್ಬ ತೋರಿಸಿದ. ಡಬ್ಬ ತುಂಬಿ ತುಳುಕುತ್ತಿತ್ತು.

ಆವತ್ತಿನಿಂದ ಕ್ಯಾಂಪಿಗೆ ಹೋಗುವ ಮೊದಲು ನಾನು ಮಾಡುವ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ. ದಾಂಡೇಲಿ, ಗೋಕರ್ಣ, ಕೊಡಗು, ಎಲ್ಲಿಗೆ ಹೊರಟರೂ ಇಷ್ಟು ಸಾಕು.

ಮೊದಲು ಒಂದು ಮಾತು. ಕ್ಯಾಂಪಿನವರು ಗುರುತಿನ ಚೀಟಿ ಕೇಳುವುದು ತಪ್ಪಲ್ಲ. ರಾತ್ರಿ ತಂಗಿದವರು ಯಾರು ಎಂಬ ದಾಖಲೆ ಅವರ ಹತ್ತಿರ ಇರಲೇಬೇಕು, ಪೊಲೀಸರು ಬಂದರೆ ತೋರಿಸಬೇಕು. ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದರೆ ಹುಡುಕುವುದಕ್ಕೂ ಅದೇ ಪುಸ್ತಕ ಬೇಕು. ಹಾಗಾಗಿ ಹೆಸರು, ಊರು, ಫೋನ್ ನಂಬರ್ ಸರಿಯಾಗಿ ಬರೆಯಿರಿ. ಸುಳ್ಳು ನಂಬರ್ ಬೇಡ. ಗುರುತು ತೋರಿಸುವುದು ಬೇರೆ, ಗುರುತಿನ ಪೂರ್ತಿ ನಕಲನ್ನು ಬಿಟ್ಟು ಬರುವುದು ಬೇರೆ. ನನ್ನ ತಕರಾರು ಇರುವುದು ಎರಡನೆಯದರ ಬಗ್ಗೆ.

ಮನೆಯಲ್ಲೇ ಮಾಡಿಕೊಳ್ಳಬೇಕಾದದ್ದು

ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಇದರಲ್ಲಿ ಮೊದಲ ಎಂಟು ಅಂಕಿ ಮುಚ್ಚಿರುತ್ತವೆ, ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆಧಾರ್ ಪ್ರಾಧಿಕಾರದ ಮೈಆಧಾರ್ ಜಾಲತಾಣಕ್ಕೆ ಹೋಗಿ, ಆಧಾರ್ ನಂಬರ್ ಮತ್ತು ಮೊಬೈಲಿಗೆ ಬರುವ ಓಟಿಪಿ ಹಾಕಿ ಲಾಗಿನ್ ಆಗಿ. ಡೌನ್‌ಲೋಡ್ ಆಧಾರ್ ಒತ್ತಿ. ಮುಂದಿನ ಪುಟದಲ್ಲಿ ಮಾಸ್ಕ್ಡ್ ಆಧಾರ್ ಬೇಕೇ ಎಂದು ಕೇಳುವ ಸಣ್ಣ ಚೌಕ ಇರುತ್ತದೆ. ಜಾಸ್ತಿ ಜನ ಅದನ್ನು ಗಮನಿಸದೆ ಮುಂದೆ ಹೋಗಿಬಿಡುತ್ತಾರೆ. ಅಲ್ಲಿ ಟಿಕ್ ಹಾಕಿಯೇ ಮುಂದುವರಿಯಿರಿ. ಬರುವ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಆಧಾರ್‌ನಲ್ಲಿರುವ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ರಮೇಶ, 1988 ಅಂದರೆ ಆರ್, ಎ, ಎಂ, ಇ, ನಂತರ 1988. ಮಧ್ಯೆ ಜಾಗ ಬಿಡಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಮಾಸ್ಕ್ ಮಾಡಿದರೂ ವಿಳಾಸ, ಹುಟ್ಟಿದ ದಿನ, ಫೋಟೊ ಹಾಗೇ ಇರುತ್ತವೆ. ಮುಚ್ಚುವುದು ನಂಬರ್ ಮಾತ್ರ. ಹಾಗಾಗಿ ಈ ಪ್ರತಿಯ ಮೇಲೂ ಅಡ್ಡಲಾಗಿ, ಫೋಟೊ ಅಂಚಿಗೆ ತಾಗುವಂತೆ, ಹೀಗೆ ಬರೆಯಿರಿ: ‘ಇಂಥ ಕ್ಯಾಂಪಿನ ವಾಸ್ತವ್ಯಕ್ಕೆ ಮಾತ್ರ’, ಕೆಳಗೆ ದಿನಾಂಕ. ಆಮೇಲೆ ಯಾರಾದರೂ ಅದೇ ಹಾಳೆ ಹಿಡಿದು ಸಿಮ್ ಕೊಳ್ಳಲು ಹೋದರೆ ಆ ಬರಹ ಅಡ್ಡ ಬರುತ್ತದೆ.

ಆಧಾರೇ ಆಗಬೇಕೆಂದೂ ಇಲ್ಲ. ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿ ತೋರಿಸಿ ನೋಡಿ. ನಾನು ಡಿಎಲ್ ತೋರಿಸುವುದೇ ಹೆಚ್ಚು. ಹೊಸ ಆಧಾರ್ ಆ್ಯಪ್‌ನಲ್ಲಿ ಬೇಕಾದ ವಿವರವನ್ನಷ್ಟೇ ಹಂಚಿಕೊಳ್ಳುವ ಸೌಲಭ್ಯವೂ ಇದೆ. ಆದರೆ ನೆಟ್‌ವರ್ಕ್ ಸಿಗದ ಘಟ್ಟದ ಮೇಲೆ ಆ್ಯಪ್ ನಂಬಿಕೊಂಡು ಕೂರಬೇಡಿ. ಕೈಯಲ್ಲಿ ಒಂದು ಕಾರ್ಡ್ ಇರಲಿ.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಬೇಡಿ

ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ. ಹನ್ನೆರಡು ಜನ ಟ್ರೆಕ್ಕಿಗೆ ಹೊರಡುತ್ತಾರೆ. ‘ಎಲ್ರೂ ಆಧಾರ್ ಹಾಕ್ರಪ್ಪಾ’ ಎಂದು ಒಬ್ಬರು ಗ್ರೂಪಿನಲ್ಲಿ ಮೆಸೇಜ್ ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಹನ್ನೆರಡು ಕಾರ್ಡುಗಳು ಹನ್ನೆರಡು ಫೋನುಗಳ ಗ್ಯಾಲರಿ ಸೇರುತ್ತವೆ. ಅಲ್ಲಿಂದ ಬ್ಯಾಕಪ್‌ಗೆ. ಗ್ರೂಪಿನಲ್ಲಿ ಸ್ನೇಹಿತನ ಸ್ನೇಹಿತ ಇರುತ್ತಾನೆ, ಅವನ ಪರಿಚಯವೇ ನಿಮಗಿರುವುದಿಲ್ಲ. ಗ್ರೂಪ್ ಲೀಡರ್ ಎಲ್ಲವನ್ನೂ ಕ್ಯಾಂಪ್ ಮ್ಯಾನೇಜರಿಗೆ ಫಾರ್ವರ್ಡ್ ಮಾಡುತ್ತಾನೆ, ಮ್ಯಾನೇಜರ್ ಅಂಗಡಿಗೆ ಕಳಿಸಿ ಪ್ರಿಂಟ್ ತೆಗೆಸುತ್ತಾನೆ. ಆ ಅಂಗಡಿಯ ಕಂಪ್ಯೂಟರಿನಲ್ಲೂ ನಿಮ್ಮ ಕಾರ್ಡ್ ಉಳಿಯುತ್ತದೆ.

‘ಬಂದ ಮೇಲೆ ತೋರಿಸ್ತೀವಿ, ಹೆಸರು ಮತ್ತು ವಯಸ್ಸು ಈಗ ಕಳಿಸ್ತೀವಿ’ ಎಂದು ಕೇಳಿ ನೋಡಿ. ಬಹಳ ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಒಬ್ಬರೇ ಸಂಗ್ರಹಿಸಲಿ, ಒಬ್ಬೊಬ್ಬರೂ ಅವರಿಗೆ ಮಾತ್ರ ಮಾಸ್ಕ್ಡ್ ಪ್ರತಿ ಕಳಿಸಲಿ, ಪ್ರವಾಸ ಮುಗಿದ ಮೇಲೆ ಅಳಿಸಲಿ. ಫೋಟೊದಲ್ಲಿ ನಂಬರ್ ಮುಚ್ಚುವಾಗ ಹೈಲೈಟರ್ ಬಳಸಬೇಡಿ, ಬ್ರೈಟ್‌ನೆಸ್ ಏರಿಸಿದರೆ ಅಡಿಯ ಅಂಕಿ ಕಾಣಿಸಬಹುದು. ಗಟ್ಟಿ ಕಪ್ಪು ಚೌಕ ಹಾಕಿ, ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು ಸ್ಕ್ರೀನ್‌ಶಾಟನ್ನೇ ಕಳಿಸಿ.

ರಿಜಿಸ್ಟರ್ ಮುಂದೆ

ಉದ್ದ ಗೆರೆ ಎಳೆದ ಪುಸ್ತಕ ಮುಂದಿಡುತ್ತಾರೆ. ನಿಮ್ಮ ಸಾಲಿನ ಮೇಲೆ ನಿನ್ನೆ ಬಂದವರ ಹೆಸರು, ಊರು, ಮೊಬೈಲ್. ನಾಳೆ ಬರುವವರು ನಿಮ್ಮದನ್ನು ಓದುತ್ತಾರೆ. ಒಂಟಿಯಾಗಿ ಬಂದ ಹೆಣ್ಣುಮಕ್ಕಳಿಗೆ ಇದರ ಕಷ್ಟ ಗೊತ್ತು. ಊರಿಗೆ ಬಂದ ಮೇಲೆ ಗೊತ್ತಿಲ್ಲದ ನಂಬರಿನಿಂದ ‘ಹಾಯ್’ ಬರುತ್ತದೆ. ಮೊಬೈಲ್ ಕಾಲಮ್ಮಿನಲ್ಲಿ ‘ಬುಕಿಂಗ್‌ನಲ್ಲಿದೆ’ ಎಂದು ಬರೆಯಲು ಒಪ್ಪುತ್ತಾರಾ ಕೇಳಿ. ಗುಂಪಿನಲ್ಲಿದ್ದರೆ ಒಬ್ಬರ ನಂಬರ್ ಸಾಕಾ ಎಂದೂ ಕೇಳಬಹುದು.

ಕಾರ್ಡ್ ತೋರಿಸಿ, ಅವರು ನೋಡಿ ಬರೆದುಕೊಂಡ ಮೇಲೆ ವಾಪಸ್ ತೆಗೆದುಕೊಳ್ಳಿ. ‘ಹೋಗುವಾಗ ಕೊಡ್ತೀವಿ’ ಎಂದು ಅಸಲಿ ಕಾರ್ಡನ್ನೇ ಇಟ್ಟುಕೊಳ್ಳುವವರಿದ್ದಾರೆ. ಕೊಡಬೇಡಿ. ಸ್ವಂತ ಫೋನಿನಲ್ಲಿ ಕಾರ್ಡಿನ ಫೋಟೊ ಹೊಡೆಯಲು ಬಂದರೆ ನಯವಾಗಿಯೇ ತಡೆದು, ನೀವು ತಂದ ಪ್ರತಿ ಕೊಡಿ. ಜಗಳ ಬೇಡ. ಕೌಂಟರಿನಲ್ಲಿ ನಿಂತಿರುವ ಹುಡುಗ ಮಾಲೀಕರು ಹೇಳಿದ್ದನ್ನು ಮಾಡುತ್ತಾನೆ.

ವಿದೇಶಿ ಪಾಸ್‌ಪೋರ್ಟ್ ಇದ್ದವರ ವಿಷಯ ಬೇರೆ. ಅವರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಕಳಿಸುವುದು ಕ್ಯಾಂಪಿನವರ ಕರ್ತವ್ಯ. ಅಮೆರಿಕದಿಂದ ಬಂದ ನಿಮ್ಮ ತಮ್ಮನ ಪಾಸ್‌ಪೋರ್ಟ್, ವೀಸಾ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ರಾಫ್ಟಿಂಗ್, ಟ್ರೆಕ್ಕಿಂಗ್ ಇದ್ದರೆ ಇನ್ನೊಂದು ಫಾರಂ ಬರುತ್ತದೆ. ರಕ್ತದ ಗುಂಪು, ಆಸ್ತಮಾ, ಬಿಪಿ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂದೆಲ್ಲ ಇರುತ್ತದೆ. ಇದನ್ನು ಮುಚ್ಚಿಡಬೇಡಿ, ಜೀವದ ಪ್ರಶ್ನೆ. ಆದರೆ ಅದೇ ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಿಮ್ಮ ಫೋಟೊ, ವಿಡಿಯೊ ಪ್ರಚಾರಕ್ಕೆ ಬಳಸುತ್ತೇವೆ’ ಎಂದಿದ್ದರೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ಮಕ್ಕಳು ಜೊತೆಗಿದ್ದರೆ ಖಂಡಿತ ಮಾಡಿ.

ಕೇಳುವ ಹಕ್ಕು ನಮಗಿದೆಯಾ?

ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. ಕೌಂಟರಿನಲ್ಲಿ ‘ಯಾಕೆ ಬೇಕು?’ ಎಂದು ಕೇಳಲು ನಾಚಿಕೆಯಾದಾಗ ನಾನು ಅವರನ್ನು ನೆನೆಯುತ್ತೇನೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಪ್ರತಿ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯಿತು. ನನಗೆ ಆ ಸಲಹೆ ಇವತ್ತಿಗೂ ಸರಿ ಅನ್ನಿಸುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಮಾಹಿತಿ ಕೇಳುವವರ ಮುಖ್ಯ ಹೊಣೆಗಳು 2027ರ ಮೇನಿಂದ ಜಾರಿ. ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಳ್ಳುವವರು ಯಾವುದಕ್ಕೆ ಬೇಕು ಎಂದು ತಿಳಿಸಬೇಕು, ಆ ಕೆಲಸಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಒಂದು ಕೊರತೆ ಇದೆ. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಬರೀ ಕಾಗದದ ರಿಜಿಸ್ಟರ್ ಇದರೊಳಗೆ ಬರುವುದಿಲ್ಲ. ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರೆ ಬರುತ್ತದೆ.

ಕ್ಯಾಂಪ್ ನಡೆಸುವವರು ಓದುತ್ತಿದ್ದರೆ ಒಂದು ಕೋರಿಕೆ. ಉದ್ದ ಪುಸ್ತಕದ ಬದಲು ಒಬ್ಬೊಬ್ಬರಿಗೆ ಒಂದು ಚೀಟಿ ಕೊಡಿ, ಬರೆಸಿಕೊಂಡು ಬೀಗ ಇರುವ ಪೆಟ್ಟಿಗೆಗೆ ಹಾಕಿ. ಹಳೆ ಜೆರಾಕ್ಸುಗಳನ್ನು ಹರಿದು ಒಲೆಗೆ ಹಾಕಿ. ಖರ್ಚು ಏನೂ ಇಲ್ಲ.

ವಾಪಸ್ ಬಂದ ಮೇಲೆ

ಕ್ಯಾಂಪಿನವರಿಗೆ ಒಂದು ಮೆಸೇಜ್ ಹಾಕಿ: ‘ನಾವು ಕಳಿಸಿದ ಗುರುತಿನ ಚೀಟಿಗಳ ಫೋಟೊ ದಯವಿಟ್ಟು ಅಳಿಸಿ, ಅಳಿಸಿದ ಮೇಲೆ ತಿಳಿಸಿ.’ ಉತ್ತರ ಬರಲಿ, ಬಿಡಲಿ, ನೀವು ಕೇಳಿದ್ದು ದಾಖಲೆಯಲ್ಲಿ ಇರುತ್ತದೆ.

ಪೂರ್ತಿ ಆಧಾರ್ ಕೊಟ್ಟು ಬಂದಾಗಿದೆ ಎಂದಾದರೆ ಮೈಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. 2023ರಲ್ಲಿ ಕರ್ನಾಟಕದಲ್ಲೇ ನೋಡಿದೆವಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ನಂಬರ್ ಕದ್ದು ಜನರ ಖಾತೆಯಿಂದ ಹಣ ತೆಗೆದಿದ್ದರು. ನಂಬರ್ ಒಂದರಿಂದಲೇ ದುಡ್ಡು ಹೋಗುವುದಿಲ್ಲ, ಆದರೆ ಕಳ್ಳನ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ. ಲಾಕ್ ಮಾಡಿದರೆ ಬೆರಳಚ್ಚು ನಡೆಯುವುದಿಲ್ಲ, ನಿಮಗೇ ಬೇಕಾದಾಗ ಲಾಕ್ ತೆರೆಯಬಹುದು. ಹಣ ಹೋಗಿದೆ ಎಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣ ತೆರೆಯಿರಿ. ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ನೋಡುವ ಕಡೆ ನಿಮ್ಮ ನಂಬರ್, ಓಟಿಪಿ ಹಾಕಿದರೆ ಪಟ್ಟಿ ಬರುತ್ತದೆ. ಒಂದೊಂದೇ ನೋಡಿ. ಗುರುತು ಸಿಗದ ನಂಬರ್ ಇದ್ದರೆ ಅದರ ಎದುರು ‘ನನ್ನ ನಂಬರ್ ಅಲ್ಲ’ ಎಂಬ ಆಯ್ಕೆ ಒತ್ತಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.