ಹೆಣ್ಣು ಕುದುರೆಗೆ ಗಬ್ಬ ನಿಂತಿದೆಯಾ? ಮೊದಲ 60 ದಿನ ನೋಡಿಕೊಳ್ಳುವುದು ಹೇಗೆ

ಕುಣಿಗಲ್ ಕಡೆ ಸ್ಟಡ್ ಫಾರ್ಮಿನಲ್ಲಿ ಕೆಲಸ ಮಾಡಿದವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ತೋಟದ ಮನೆಯಲ್ಲಿ ಒಂದೋ ಎರಡೋ ಮಾರ್ವಾರಿ, ಕಾಠಿಯಾವಾಡಿ ಕುದುರೆ ಕಟ್ಟಿಕೊಂಡವರಿಗಾಗಿ ಬರೆಯುತ್ತಿದ್ದೇನೆ. ನಾನು ಪಶುವೈದ್ಯ. ನನಗೆ ಫೋನ್ ಮಾಡುವವರಲ್ಲಿ ಜಾಸ್ತಿ ಜನ ಹಸು ಸಾಕಿ ಪಳಗಿದವರು. "ಡಾಕ್ಟ್ರೇ, ಎರಡು ತಿಂಗಳು ಬಿಟ್ಟು ಕೈ ಹಾಕಿ ನೋಡಿದ್ರೆ ಆಯ್ತಲ್ವಾ?" ಅನ್ನುತ್ತಾರೆ. ಹಸುವಿಗೆ ಆಗಬಹುದು. ಕುದುರೆಯ ವಿಷಯದಲ್ಲಿ ಅಷ್ಟು ಹೊತ್ತಿಗೆ ನಾವು ಏನಾದರೂ ಮಾಡಬಹುದಾಗಿದ್ದ ಕಾಲ ಮುಗಿದಿರುತ್ತದೆ.

ಮೊದಲು ದಿನದ ಲೆಕ್ಕ. ಗಂಡು ಬಿಟ್ಟ ದಿನದಿಂದ ಎಣಿಸಬೇಡಿ, ಅಂಡ ಬಿಡುಗಡೆಯಾದ ದಿನದಿಂದ ಎಣಿಸಿ. ಕುದುರೆ ಸಾಮಾನ್ಯವಾಗಿ 5ರಿಂದ 7 ದಿನ ಬೆದೆಯಲ್ಲಿರುತ್ತದೆ. ಅಂಡ ಹೊರಬೀಳುವುದು ಬೆದೆ ಇಳಿಯುವ ಒಂದೆರಡು ದಿನ ಮುಂಚೆ. ಹಾಗಾಗಿ ಬೆದೆಯಲ್ಲಿರುವಾಗಲೇ ಸ್ಕ್ಯಾನ್ ಮಾಡಿಸಿ ಆ ದಿನವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಎಷ್ಟು ಅಂಡ ಬಿಟ್ಟಿದೆ ಅಂತಲೂ ಕೇಳಿ. ವಯಸ್ಸಾದ ಕುದುರೆಯಾದರೆ ಗರ್ಭಕೋಶದಲ್ಲಿ ನೀರುಗುಳ್ಳೆಗಳಿರಬಹುದು. ಅವು ಎಲ್ಲಿವೆ, ಎಷ್ಟು ಗಾತ್ರ ಅನ್ನುವುದನ್ನೂ ಬರೆಸಿಕೊಳ್ಳಿ. ಆಮೇಲೆ ಸ್ಕ್ಯಾನಿನಲ್ಲಿ ಅವು ಥೇಟ್ ಗಬ್ಬದ ಹಾಗೇ ಕಾಣುತ್ತವೆ.

ಅಂಡ ಬಿಟ್ಟ ಜಾಗದಲ್ಲಿ ಒಂದು ಗಂಟು ಕಟ್ಟುತ್ತದೆ. ನಾವು ಸಿಎಲ್ ಅನ್ನುತ್ತೇವೆ. ಒಂದೆರಡು ದಿನದಲ್ಲೇ ಅದರಿಂದ ಗಬ್ಬ ಉಳಿಸುವ ಹಾರ್ಮೋನ್ ಪ್ರೊಜೆಸ್ಟೆರಾನ್ ಏರತೊಡಗುತ್ತದೆ. ಗರ್ಭಕೋಶದ ಬಾಯಿ ಬಿಗಿದು ಮುಚ್ಚುವುದು, ಕುದುರೆ ಗಂಡನ್ನು ಹತ್ತಿರ ಸೇರಿಸದೆ ಒದೆಯುವುದು, ಎಲ್ಲ ಇದರದೇ ಕೆಲಸ. ಸುಮಾರು 6ನೇ ದಿನ ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಫಲಿಸದ ಅಂಡ ಮಾತ್ರ ಸಾಮಾನ್ಯವಾಗಿ ಇಳಿಯುವುದೇ ಇಲ್ಲ, ನಾಳದಲ್ಲೇ ಉಳಿದುಬಿಡುತ್ತದೆ.

ಇಲ್ಲಿಂದ ಮುಂದೆ ಕುದುರೆಯ ದಾರಿಯೇ ಬೇರೆ. ಭ್ರೂಣವಿರುವ ಗುಂಡಗಿನ ಪುಟ್ಟ ಚೀಲ 16ನೇ ದಿನದವರೆಗೆ ಒಂದು ಕಡೆ ನಿಲ್ಲುವುದಿಲ್ಲ. ಗರ್ಭಕೋಶದ ಎರಡು ಕವಲುಗಳಿಗೆ ಕೊಂಬು ಅನ್ನುತ್ತೇವೆ. ಗರ್ಭಕೋಶದ ಈ ಕೊಂಬಿನಿಂದ ಆ ಕೊಂಬಿಗೆ, ಅಲ್ಲಿಂದ ನಡುಭಾಗಕ್ಕೆ, ದಿನಕ್ಕೆ ಎಷ್ಟೋ ಸಲ ಓಡಾಡುತ್ತಿರುತ್ತದೆ. ಸುಮ್ನೆ ಅಲ್ಲ. "ನಾನಿದ್ದೇನೆ" ಅಂತ ಗರ್ಭಕೋಶದ ಮೂಲೆಮೂಲೆಗೂ ತಿಳಿಸಬೇಕು. ತಿಳಿಸದಿದ್ದರೆ 14ನೇ ದಿನದ ಆಸುಪಾಸಿನಲ್ಲಿ ಗರ್ಭಕೋಶ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ, ಸಿಎಲ್ ಕರಗಿಸುವ ರಸವನ್ನು ಸುರಿಸುತ್ತದೆ. ಸಿಎಲ್ ಕರಗುತ್ತದೆ, ಕುದುರೆ ಮತ್ತೆ ಬೆದೆಗೆ ಬರುತ್ತದೆ. ಹಸುವಿನಲ್ಲಿ ಈ ಸಂದೇಶ ಕೊಡುವ ವಸ್ತು ಯಾವುದೆಂದು ಕಂಡುಹಿಡಿದು ಎಷ್ಟೋ ಕಾಲವಾಯಿತು. ಕುದುರೆಯಲ್ಲಿ ಅದು ಇನ್ನೂ ವಿಜ್ಞಾನಿಗಳ ಕೈಗೆ ಸಿಕ್ಕಿಲ್ಲ.

ಮೊದಲ ಸ್ಕ್ಯಾನ್ 14ನೇ ದಿನ, ತಡವಾದರೆ 15. ದುಡ್ಡಿಲ್ಲ, ಒಂದೇ ಸಲ ಮಾಡಿಸುತ್ತೇನೆ ಅನ್ನುವವರಿಗೂ ನಾನು ಹೇಳುವುದು ಇದೇ ದಿನವನ್ನು. 15ರಿಂದ 20 ಮಿಲಿಮೀಟರ್‌ನ ಕಪ್ಪು ದುಂಡು ಚೀಲ ಕಾಣಬೇಕು. ಅನುಮಾನವಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಗಬ್ಬವಾದರೆ ಜಾಗ ಬದಲಿಸಿರುತ್ತದೆ, ನೀರುಗುಳ್ಳೆ ಇದ್ದಲ್ಲೇ ಇರುತ್ತದೆ. ಗರ್ಭಕೋಶದ ಒಳಮಡಿಕೆಗಳನ್ನೂ ಗಮನಿಸಿ. ಬೆದೆಯಲ್ಲಿ ಅವು ಊದಿಕೊಂಡು, ಕಿತ್ತಳೆಯನ್ನು ಅಡ್ಡ ಕೊಯ್ದ ಹಾಗೆ ಕಾಣುತ್ತವೆ. ಗಬ್ಬ ನಿಂತಾಗ ಹಾಗೆ ಕಂಡರೆ ಒಳ್ಳೆಯ ಲಕ್ಷಣವಲ್ಲ.

ಎರಡು ಚೀಲ ಕಂಡರೆ ಖುಷಿಪಡಬೇಡಿ. ಕುದುರೆಯ ಮಾಸು ಗರ್ಭಕೋಶದ ಒಳಗೋಡೆಗೆಲ್ಲ ಅಂಟಿಕೊಂಡು ಬೆಳೆಯುವಂಥದ್ದು. ಇಬ್ಬರಿಗೆ ಜಾಗ ಸಾಲದು. ಅವಳಿಗಳಲ್ಲಿ ಹೆಚ್ಚಿನವು ತಿಂಗಳು ತುಂಬುವ ಮೊದಲೇ ಕಂದು ಬೀಳುತ್ತವೆ, ಕೆಲವೊಮ್ಮೆ ತಾಯಿಗೂ ಅಪಾಯ. 16ನೇ ದಿನಕ್ಕೆ ಮುಂಚೆ ಚೀಲಗಳು ಇನ್ನೂ ಓಡಾಡುತ್ತಿರುವುದರಿಂದ, ಪಳಗಿದ ಡಾಕ್ಟರು ಎರಡನ್ನೂ ಬೇರೆ ಮಾಡಿ ಒಂದನ್ನು ಒತ್ತಿ ಒಡೆಯಬಹುದು. 16ರ ಹೊತ್ತಿಗೆ ಚೀಲ ಒಂದು ಕೊಂಬಿನ ಬುಡದಲ್ಲಿ ಕೂತುಬಿಡುತ್ತದೆ. ಎರಡೂ ಒಂದೇ ಕಡೆ ಅಂಟಿ ಕೂತರೆ ಕೆಲಸ ಕಷ್ಟ. ಇದನ್ನು ನೀವೇ ಕೈ ಹಾಕಿ ಮಾಡುವ ಸಾಹಸ ಬೇಡ. ಕುದುರೆಯ ಗುದನಾಳ ಹರಿದರೆ ಜೀವವೇ ಹೋಗಬಹುದು.

ಎರಡನೇ ಸ್ಕ್ಯಾನ್ 25ರಿಂದ 28ರೊಳಗೆ, ಎದೆಬಡಿತ ನೋಡಲು. ಮೂರನೆಯದು 33ರಿಂದ 35. ಇದನ್ನು ತಪ್ಪಿಸಬೇಡಿ, ಕಾರಣ ಇದೆ. 36ನೇ ದಿನದಿಂದ ಭ್ರೂಣದ ಕೆಲವು ಕೋಶಗಳು ತಾಯಿಯ ಗರ್ಭಕೋಶದ ಗೋಡೆಯೊಳಗೆ ನುಗ್ಗಿ ಬೇರೂರುತ್ತವೆ. ಅವಕ್ಕೆ ಎಂಡೊಮೆಟ್ರಿಯಲ್ ಕಪ್ ಅಂತ ಹೆಸರು. ಇವು ಇಸಿಜಿ ಅನ್ನುವ ಹಾರ್ಮೋನ್ ಬಿಡುತ್ತವೆ. ಎದೆಗೆ ವೈರ್ ಹಚ್ಚುವ ಇಸಿಜಿ ಅಲ್ಲ! ಇದರಿಂದ ಅಂಡಾಶಯದಲ್ಲಿ ಹೊಸ ಸಿಎಲ್‌ಗಳು ಹುಟ್ಟಿ ಪ್ರೊಜೆಸ್ಟೆರಾನ್ ಮತ್ತೆ ಏರುತ್ತದೆ. ತೊಂದರೆ ಏನೆಂದರೆ, ಇದಾದ ಮೇಲೆ ಭ್ರೂಣ ಸತ್ತರೂ ಕಪ್‌ಗಳು ಉಳಿಯುತ್ತವೆ. ಸುಮಾರು 120 ದಿನ ತುಂಬುವವರೆಗೆ ಕುದುರೆ ಸರಿಯಾಗಿ ಬೆದೆಗೆ ಬರುವುದಿಲ್ಲ. ಆ ಹಂಗಾಮು ಹೋದ ಹಾಗೇ. ಅವಳಿ ಉಳಿದಿದ್ದರೆ, ಭ್ರೂಣ ಸೊರಗಿದ್ದರೆ, ಗಬ್ಬ ಉಳಿಸುವುದೋ ತೆಗೆಯುವುದೋ ಅನ್ನುವ ನಿರ್ಧಾರ 35ರೊಳಗೆ ಆಗಬೇಕು.

ಇದೇ ಕಾರಣಕ್ಕೆ ರಕ್ತದಲ್ಲಿ ಇಸಿಜಿ ನೋಡುವ ಪರೀಕ್ಷೆಯೊಂದನ್ನೇ ನಂಬಬೇಡಿ. ಹೊಟ್ಟೆ ಖಾಲಿಯಾದ ಮೇಲೂ ಅದು ಗಬ್ಬ ಅಂತಲೇ ತೋರಿಸಬಹುದು. ಕತ್ತೆ ಬಿಟ್ಟು ಹೇಸರಗತ್ತೆ ಮರಿಗೆ ಕಾಯುತ್ತಿದ್ದರೆ ಉಲ್ಟಾ. ಹಾರ್ಮೋನ್ ತುಂಬ ಕಡಿಮೆ ಇರುವುದರಿಂದ ಗಬ್ಬ ಇದ್ದರೂ ಇಲ್ಲ ಅನ್ನಬಹುದು.

ಗಬ್ಬ ನಿಂತ ಕುದುರೆಯೂ ಒಮ್ಮೊಮ್ಮೆ ಬಾಲ ಎತ್ತಿ ಬೆದೆಯ ಚಿಹ್ನೆ ತೋರಿಸುತ್ತದೆ. ಅದನ್ನು ನೋಡಿ ಸ್ಕ್ಯಾನ್ ಮಾಡಿಸದೆ ಪ್ರೊಸ್ಟಗ್ಲ್ಯಾಂಡಿನ್ ಇಂಜೆಕ್ಷನ್ ಕೊಡಿಸಿದರೆ ಇದ್ದ ಗಬ್ಬವೂ ಹೋಗುತ್ತದೆ. ಪ್ರೊಜೆಸ್ಟೆರಾನ್ ಕಡಿಮೆ ಇದೆ ಅಂತ ಡಾಕ್ಟರು ಬಾಯಿಗೆ ಹಾಕುವ ಆಲ್ಟ್ರೆನೊಜೆಸ್ಟ್ ಬರೆದುಕೊಟ್ಟರೆ ದಿನವೂ ತಪ್ಪದೆ ಹಾಕಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಮನೆಯ ಹೆಂಗಸರ ಕೈಗಂತೂ ಆ ಬಾಟಲಿ ಕೊಡಲೇಬೇಡಿ. 100 ದಿನ ದಾಟಿದ ಮೇಲೆ ಮಾಸು ತಾನೇ ಈ ಕೆಲಸ ವಹಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 120ರ ಹೊತ್ತಿಗೆ ಡಾಕ್ಟರನ್ನು ಕೇಳಿಕೊಂಡು ಔಷಧಿ ನಿಲ್ಲಿಸಬಹುದು.